ಇಲಿಜ್ವರಕ್ಕೆ ಮಾತ್ರೆ ಇದೆ, ಮಂಗನ ಕಾಯಿಲೆಗೆ ಯಾಕಿಲ್ಲ?

ಪ್ರಶ್ನೆ: ನಮ್ಮದು ಅಡಿಕೆ ತೋಟದ ಊರು. ಮಳೆಗಾಲದಲ್ಲಿ ಪಕ್ಕದ ಮನೆಯವರಿಗೆ ಇಲಿಜ್ವರ ಬಂದಾಗ ಡಾಕ್ಟರು ಮಾತ್ರೆ ಕೊಟ್ಟು ವಾಸಿ ಮಾಡಿದರು. ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಂದವರಿಗೆ ‘ಇದಕ್ಕೆಂದೇ ಔಷಧಿ ಇಲ್ಲ’ ಅಂದರು. ಎರಡೂ ಜ್ವರವೇ ತಾನೆ?

ಉತ್ತರ: ಹೊರಗಿನಿಂದ ನೋಡಿದರೆ ಎರಡೂ ಒಂದೇ. ಚಳಿಜ್ವರ, ಸಿಡಿಯುವ ತಲೆ, ಮೈಕೈ ನೋವು. ಆದರೆ ಜ್ವರ ತಂದವರು ಬೇರೆ ಬೇರೆ ಜಾತಿಯವರು.

ಇಲಿಜ್ವರ ತರುವುದು ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ. ಸೂಕ್ಷ್ಮದರ್ಶಕದಲ್ಲಿ ಸುರುಳಿ ಸುತ್ತಿದ ಎಳೆಯಂತೆ ಕಾಣುತ್ತದೆ, ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಇಲಿಯ ಮೂತ್ರಪಿಂಡದಲ್ಲಿ ಹಾಯಾಗಿದ್ದು, ಮೂತ್ರದ ಜೊತೆ ಗದ್ದೆ, ಕಾಲುವೆಯ ನೀರಿಗೆ ಬಂದು, ಗಾಯವಾದ ಅಥವಾ ನೆನೆದು ಮೆತ್ತಗಾದ ಕಾಲಿನ ಚರ್ಮದಿಂದ ಒಳಗಿಳಿಯುತ್ತದೆ. ಇದು ಪೂರ್ತಿ ಜೀವಿ. ತನ್ನದೇ ಗೋಡೆ, ತನ್ನದೇ ವಂಶವಾಹಿ, ಪ್ರೋಟೀನ್ ತಯಾರಿಸಲು ತನ್ನದೇ ರೈಬೋಸೋಮ್ ಅದಕ್ಕಿದೆ. ಒಲೆ ಪಾತ್ರೆ ಹೊತ್ತು ಬಂದು ಬಿಡಾರ ಹೂಡಿದ ಹಾಗೆ. ರಕ್ತದಲ್ಲಿ ಸಿಕ್ಕಿದ್ದನ್ನು ತಿಂದು ಉದ್ದವಾಗುತ್ತದೆ, ನಡುವೆ ಸೀಳಿ ಎರಡಾಗುತ್ತದೆ. ನಮ್ಮ ಕರುಳಿನ ಇ-ಕೋಲೈ ಒಳ್ಳೆಯ ಆಹಾರ ಸಿಕ್ಕರೆ 20 ನಿಮಿಷಕ್ಕೊಮ್ಮೆ ಹೀಗೆ ಇಬ್ಭಾಗವಾಗಬಲ್ಲದು. ಲೆಪ್ಟೊಸ್ಪೈರಾ ನಿಧಾನಿ, ಒಂದು ಸಲ ಎರಡಾಗಲು ಹಲವು ಗಂಟೆ ಬೇಕು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಿ ನೋಡಲು ವಾರಗಳೇ ಹಿಡಿಯುತ್ತವೆ, ಹಾಗಾಗಿ ವೈದ್ಯರು ಬೇರೆ ರಕ್ತಪರೀಕ್ಷೆಗಳನ್ನು ನೆಚ್ಚುತ್ತಾರೆ. ಅಷ್ಟರಲ್ಲಿ ಅದು ರಕ್ತನಾಳಗಳ ಒಳಪದರವನ್ನು ಕೆಡಿಸಿ ಯಕೃತ್ತು, ಮೂತ್ರಪಿಂಡಗಳಿಗೆ ಕೈ ಹಾಕಬಹುದು. ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು ಇದರಿಂದಲೇ.

ಆದರೆ ಈ ಸ್ವಂತ ಸಾಮಾನೇ ಅದಕ್ಕೆ ಮುಳುವು. ಪೆನಿಸಿಲಿನ್ ಅದರ ಗೋಡೆ ಕಟ್ಟಲು ಬಿಡುವುದಿಲ್ಲ. ನಮ್ಮ ಜೀವಕೋಶಗಳಿಗೆ ಆ ಗೋಡೆಯೇ ಇಲ್ಲ. ಡಾಕ್ಸಿಸೈಕ್ಲಿನ್ ಅದರ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿ ನಿಲ್ಲಿಸುತ್ತದೆ. ನಮ್ಮ ರೈಬೋಸೋಮಿನ ರಚನೆ ಬೇರೆ, ಹಾಗಾಗಿ ನಾವು ಪಾರು.

ಈಗ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಪತ್ತೆಯಾದ ವೈರಸ್ ಇದು, ಡೆಂಗಿ ವೈರಸ್ಸಿನ ಬಳಗದ್ದು. ಉಣುಗು ಕಚ್ಚಿದಾಗ ಮೈಗೆ ಸೇರುತ್ತದೆ. ಅದರ ಅಡ್ಡಳತೆ ಒಂದು ಮಿಲಿಮೀಟರಿನ ಸುಮಾರು 20 ಸಾವಿರದಲ್ಲೊಂದು ಪಾಲು. ಒಳಗಿರುವುದು ಒಂದೇ ಒಂದು ಆರ್‌ಎನ್‌ಎ ಎಳೆ, ಅದರಲ್ಲಿ ಹತ್ತು ಪ್ರೋಟೀನುಗಳ ಬರಹ. ಒಲೆಯಿಲ್ಲ, ಪಾತ್ರೆಯಿಲ್ಲ, ಅಡುಗೆಯ ಚೀಟಿ ಮಾತ್ರ.

ಜೀವಕೋಶ ಅದನ್ನು ತಾನೇ ಒಳಗೆ ನುಂಗಿಕೊಳ್ಳುತ್ತದೆ. ಅಲ್ಲಿಯ ಆಮ್ಲೀಯತೆ ತಾಗಿದೊಡನೆ ವೈರಸ್ಸಿನ ಹೊದಿಕೆ ಕೋಶದ ಪೊರೆಯೊಂದಿಗೆ ಬೆಸೆದು ಆರ್‌ಎನ್‌ಎ ಹೊರಬೀಳುತ್ತದೆ. ನಮ್ಮ ರೈಬೋಸೋಮ್ ಅದನ್ನು ನಮ್ಮದೇ ಆದೇಶವೆಂದು ಓದಿ ಒಂದು ಉದ್ದನೆಯ ಪ್ರೋಟೀನ್ ಸರ ನೇಯುತ್ತದೆ. ಅದು ಹತ್ತು ತುಂಡಾಗಿ, ಕೆಲವು ತುಂಡು ಆರ್‌ಎನ್‌ಎಯ ಪ್ರತಿ ತೆಗೆಯಲು, ಕೆಲವು ಹೊಸ ಹೊದಿಕೆಗೆ. ಇಲ್ಲಿ ಸೀಳಿ ಎರಡಾಗುವುದಿಲ್ಲ, ಬಿಡಿಭಾಗ ಜೋಡಿಸಿದಂತೆ ಹೊಸ ವೈರಸ್ಸುಗಳು ಗುಂಪುಗುಂಪಾಗಿ ಹೊರಡುತ್ತವೆ. ಕಾಯಿಲೆ ಜೋರಾದವರಲ್ಲಿ ಪ್ಲೇಟ್‌ಲೆಟ್ ಇಳಿದು ಮೂಗು, ಒಸಡಿನಲ್ಲಿ ರಕ್ತ ಕಾಣುತ್ತದೆ.

ಇದಕ್ಕೆ ಡಾಕ್ಸಿಸೈಕ್ಲಿನ್ ಕೊಟ್ಟರೆ ಅದು ಹಿಡಿಯಬೇಕಾದ್ದೇ ಅಲ್ಲಿಲ್ಲ. ವೈರಸ್ ಬೇಯಿಸಿಕೊಳ್ಳುವುದು ನಮ್ಮ ಒಲೆಯಲ್ಲಿ, ಅದನ್ನು ಆರಿಸಿದರೆ ಉಪವಾಸ ಬೀಳುವವರು ನಾವೇ. ವೈರಸ್ಸಿಗೇ ಸೇರಿದ ಒಂದೆರಡು ಕಿಣ್ವಗಳನ್ನು ಮಾತ್ರ ಗುರಿಯಿಡಬೇಕು. ಎಚ್‌ಐವಿ, ಹೆಪಟೈಟಿಸ್ ಸಿಗೆ ಹಾಗೆ ಔಷಧಿ ಮಾಡಿದ್ದಾರೆ. ಮಲೆನಾಡಿನ ಈ ಕಾಯಿಲೆಗೆ ಇನ್ನೂ ಆಗಿಲ್ಲ, ಅರವತ್ತು ವರ್ಷ ದಾಟಿದರೂ ಆಗಿಲ್ಲ ಎನ್ನುವುದು ನನಗೆ ನೋವಿನ ವಿಷಯ. ದ್ರವ ಕೊಡುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ದೇಹ ತಾನೇ ಗೆಲ್ಲುವವರೆಗೆ ಆಸರೆಯಾಗುವುದು, ಇವೇ ಈಗಿನ ಚಿಕಿತ್ಸೆ. ಹಾಗೆಂದು ಸಣ್ಣ ಕೆಲಸವಲ್ಲ, ಬೇಗ ಆಸ್ಪತ್ರೆ ಸೇರಿದ ಹೆಚ್ಚಿನವರು ಗುಣವಾಗುತ್ತಾರೆ.

ಪರೀಕ್ಷೆಯ ಫಲಿತಾಂಶಕ್ಕೆ ಮುನ್ನವೇ ವೈದ್ಯರು ಡಾಕ್ಸಿಸೈಕ್ಲಿನ್ ಶುರುಮಾಡಿದರೆ ಗಾಬರಿ ಬೇಡ, ಇಲಿಜ್ವರವಾಗಿದ್ದರೆ ತಡವಾಗಬಾರದೆಂದು. ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಅಂತೂ ಬೇಡ, ರಕ್ತಸ್ರಾವ ಹೆಚ್ಚಬಹುದು. ಗದ್ದೆ ನೀರಿಗಿಳಿದಿದ್ದಿರೋ, ತರಗೆಲೆ ಗುಡಿಸಲು ಕಾಡಿಗೆ ಹೋಗಿದ್ದಿರೋ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಅದರ ಮೈಮೇಲಿದ್ದ ಉಣುಗುಗಳು ಅಷ್ಟರಲ್ಲಿ ಸುತ್ತಲಿನ ತರಗೆಲೆಗೆ ಇಳಿದಿರುತ್ತವೆ.