ಬೂಟ್ ವೇಳೆ ಚೆನ್ನಾಗಿದ್ದ ಸಾಧನ ಆಮೇಲೆ ಆರುವುದೇಕೆ?

ಕರ್ನಲ್ಲನ್ನು ಏರಿಸುವ ಬೂಟ್‌ಲೋಡರ್ ಯು-ಬೂಟ್ ಓಡುವಾಗ ಪರದೆಯಲ್ಲಿ ಲೋಗೋ ಕಾಣುತ್ತದೆ. ಲಿನಕ್ಸ್ ಕರ್ನಲ್ ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆ ಕಪ್ಪು. ಬೋರ್ಡ್ ಸುಟ್ಟಿತೆಂದು ಮಲ್ಟಿಮೀಟರ್ ಹಿಡಿಯುವ ಮುನ್ನ ಕರ್ನಲ್ಲನ್ನೇ ಅನುಮಾನಿಸಿ. ಅದು ಬೇಕೆಂದೇ ಆರಿಸಿರಬಹುದು.

ಇದರ ಬೇರು 2012ರ ಮೇ ತಿಂಗಳ ಲಿನಕ್ಸ್ 3.4 ಆವೃತ್ತಿಯಲ್ಲಿದೆ. ಅದುವರೆಗೆ ಆರ್ಮ್ ಚಿಪ್‌ಗಳಲ್ಲಿ ಒಂದೊಂದು ಕುಟುಂಬಕ್ಕೂ ಬೇರೆ ಕ್ಲಾಕ್ (ಚಿಪ್‌ನ ಭಾಗಗಳನ್ನು ನಡೆಸುವ ತಾಳದ ಸಂಕೇತ) ಕೋಡ್ ಇತ್ತು. 3.4ರಲ್ಲಿ ಎಲ್ಲಕ್ಕೂ ಸಾಮಾನ್ಯ ಚೌಕಟ್ಟು ಬಂತು. ಯಾವ ಡ್ರೈವರೂ ಕೇಳದ ಕ್ಲಾಕ್‌ಗಳನ್ನು ಬೂಟ್‌ನ ಕೊನೆಯಲ್ಲಿ ನಿಲ್ಲಿಸುವ ಪದ್ಧತಿಯೂ ನೆಲೆಯೂರಿತು. ತಮಾಷೆಯೆಂದರೆ, ಬೇಕಾದ್ದು ಸಿಗದ ಡ್ರೈವರ್ ಆಮೇಲೆ ಮತ್ತೆ ಯತ್ನಿಸಬಹುದೆಂಬ ‘ಡಿಫರ್ಡ್ ಪ್ರೋಬ್’ ಬಂದದ್ದೂ ಅದೇ ಆವೃತ್ತಿಯಲ್ಲಿ. ಒಂದು ಕಡೆ ಕಾಯಬಹುದೆಂಬ ಭರವಸೆ, ಇನ್ನೊಂದು ಕಡೆ ಕಾಯದ ಸಫಾಯಿ. ಮಾಡ್ಯೂಲ್ ಆಗಿರುವ, ಅಂದರೆ ಕರ್ನಲ್‌ನೊಳಗಿರದೆ ಬೇರೆ ಕಡತವಾಗಿರುವ ಡ್ರೈವರ್ ರೂಟ್ ಫೈಲ್‌ಸಿಸ್ಟಂನಿಂದ ಏರುವಷ್ಟರಲ್ಲಿ ಕ್ಲಾಕ್ ನಿಂತಿರುತ್ತದೆ.

ಆಲ್‌ವಿನ್ನರ್ ಕಂಪನಿಯ ಆರ್ಮ್ ಚಿಪ್ ಇರುವ ಬೋರ್ಡ್‌ಗಳಲ್ಲಿ ಯು-ಬೂಟ್ ಹೊತ್ತಿಸಿದ ಎಚ್‌ಡಿಎಂಐ ಪರದೆ ಹೀಗೇ ಆರುತ್ತಿತ್ತು. 2014ರಲ್ಲಿ ದೀರ್ಘ ವಾದದ ನಂತರ ಬೂಟ್‌ಲೋಡರ್ ಹೊತ್ತಿಸಿದ ಪರದೆಯನ್ನೇ ಬಳಸುವ ಸಿಂಪಲ್‌ಎಫ್‌ಬಿ ಡ್ರೈವರ್ ತನ್ನ ಕ್ಲಾಕ್‌ಗಳನ್ನು ತಾನೇ ಹಿಡಿದುಕೊಳ್ಳುವಂತಾಯಿತು. ಸಾಧನಗಳಿಗೆ ವೋಲ್ಟೇಜ್ ಕೊಡುವ, ಅಂಥದ್ದೇ ಸಫಾಯಿಗೆ ಸಿಗುವ ರೆಗ್ಯುಲೇಟರ್‌ಗಳಿಗೆ ವಿನಾಯಿತಿ ಸಿಕ್ಕಿದ್ದು 2020ರ ಜನವರಿಯ 5.5ರಲ್ಲಿ: ಸಫಾಯಿ 30 ಸೆಕೆಂಡ್ ಮುಂದಕ್ಕೆ ಹೋಯಿತು. ಇದು ತೇಪೆ ಅಷ್ಟೇ. ಡ್ರೈವರ್ ಅದಕ್ಕಿಂತ ತಡವಾಗಿ ಬಂದರೆ, ಅಥವಾ ರೆಗ್ಯುಲೇಟರನ್ನು ಕೇಳಿಕೊಳ್ಳದೇ ಇದ್ದರೆ, ಗತಿ ಹಿಂದಿನದೇ.

ಹಾಗಾಗಿ ಆರಿದ ಸಮಯವೇ ಮೊದಲ ಸುಳಿವು. 30 ಸೆಕೆಂಡ್ ದಾಟಿದ ಮೇಲೆ ಕರ್ನಲ್‌ನ ದಾಖಲೆ ತೋರಿಸುವ ಡಿಮೆಸೇಜ್‌ನಲ್ಲಿ ರೆಗ್ಯುಲೇಟರ್ ಹೆಸರಿನ ಮುಂದೆ ‘ಡಿಸೇಬ್ಲಿಂಗ್’ ಎಂದಿದ್ದರೆ ಕಳ್ಳ ಸಿಕ್ಕಂತೆ. ಅದಕ್ಕಿಂತ ಬೇಗ ಆರಿದರೆ ಬೂಟ್ ಸಾಲಿಗೆ (ಕರ್ನಲ್‌ಗೆ ಶುರುವಿನಲ್ಲಿ ಕೊಡುವ ಸೂಚನೆಗಳ ಸಾಲು) ‘ಸಿಎಲ್‌ಕೆ_ಇಗ್ನೋರ್_ಅನ್‌ಯೂಸ್ಡ್’ ಸೇರಿಸಿ ನೋಡಿ. ಸಾಧನ ಉಳಿದರೆ ತಪ್ಪು ಕ್ಲಾಕ್‌ನದು. ಉಳಿಯದಿದ್ದರೆ ಪವರ್ ಡೊಮೇನ್‌ಗಾಗಿ (ಚಿಪ್‌ನಲ್ಲಿ ಒಟ್ಟಿಗೆ ಆರಿಸಬಹುದಾದ ಭಾಗ) ‘ಪಿಡಿ_ಇಗ್ನೋರ್_ಅನ್‌ಯೂಸ್ಡ್’. ಎರಡೂ ಪತ್ತೆಗೆ ಮಾತ್ರ; ಮಾರುವ ಸರಕಿನಲ್ಲಿ ಬಿಟ್ಟರೆ ಬ್ಯಾಟರಿ ತಿನ್ನುತ್ತವೆ. ಸಾಧನ ಮೊದಲಿಂದಲೇ ಕಾಣದಿದ್ದರೆ ಅದು ಬೇರೆ ಕಥೆ: ಬೋರ್ಡ್‌ನ ಸಾಧನಗಳನ್ನು ಕರ್ನಲ್‌ಗೆ ಪರಿಚಯಿಸುವ ಡಿವೈಸ್ ಟ್ರೀಯಲ್ಲಿ ಅದರ ‘ಸ್ಟೇಟಸ್’ ‘ಓಕೆ’ ಆಗಿದೆಯೇ, ಕರ್ನಲ್‌ನ ಒಳಸ್ಥಿತಿ ತೋರಿಸುವ ಡೀಬಗ್‌ಎಫ್‌ಎಸ್‌ನ ‘ಡಿವೈಸಸ್_ಡಿಫರ್ಡ್’ ಕಡತದಲ್ಲಿ ಹೆಸರಿದೆಯೇ ನೋಡಿ.

ನಿಜವಾದ ಪರಿಹಾರವೆಂದರೆ ಡಿವೈಸ್ ಟ್ರೀಯಲ್ಲಿ ಸಾಧನದ ನೋಡ್‌ನಲ್ಲಿ (ಅದರ ವಿವರದ ಭಾಗ) ಅದರ ಕ್ಲಾಕ್ ಮತ್ತು ಸಪ್ಲೈಗಳನ್ನು ಬರೆಯುವುದು, ಡ್ರೈವರ್ ಅವನ್ನು ಕೇಳುವಂತೆ ಮಾಡುವುದು. ಅದರ ಬದಲು ರೆಗ್ಯುಲೇಟರ್‌ನ ನೋಡ್‌ನಲ್ಲಿ ‘ರೆಗ್ಯುಲೇಟರ್-ಬೂಟ್-ಆನ್’ ಹಾಕಿ ನೆಮ್ಮದಿಯಾಗಿರುವವರು ಬಹಳ. ಅದು ಬೂಟ್ ವೇಳೆ ಆನ್ ಇಡುತ್ತದೆಯೇ ಹೊರತು ಕೊನೆಯ ಸಫಾಯಿಯಿಂದ ಕಾಯುವುದಿಲ್ಲ, ಕಾಯುವುದು ‘ರೆಗ್ಯುಲೇಟರ್-ಆಲ್ವೇಸ್-ಆನ್’. ಡಿಡಿಆರ್ ಮೆಮೊರಿಯ ಸಪ್ಲೈಯಂಥ, ಡ್ರೈವರೇ ಇಲ್ಲದ ಕಡೆ ಮಾತ್ರ ಅದನ್ನು ಬಳಸಿ.