ಹಳೆ ಕಾರಿನ ಎಸಿಗೆ ಗ್ಯಾಸ್ ಹಾಕಿಸುವ ಮುಂಚೆ

ಯುಗಾದಿ ಹತ್ತಿರ ಬಂತು ಅಂದರೆ ಹುಬ್ಬಳ್ಳಿಯ ಎಸಿ ಗ್ಯಾರೇಜುಗಳಲ್ಲಿ ಒಂದೇ ಮಾತು: "ಗ್ಯಾಸ್ ಖಾಲಿ ಆಗೇತ್ರಿ, ಹಾಕಿಬಿಡೂಣು." ಗ್ಯಾಸ್ ಹಾಕುತ್ತಾರೆ, ತಣ್ಣನೆ ಗಾಳಿ ಬರುತ್ತದೆ, ದುಡ್ಡು ಕೊಟ್ಟು ಹೊರಡುತ್ತೇವೆ. ಮುಂದಿನ ಯುಗಾದಿಗೆ ಮತ್ತದೇ ಮಾತು.

ಪೆಟ್ರೋಲ್ ಉರಿಯುತ್ತದೆ, ಆದ್ದರಿಂದ ಖರ್ಚಾಗುತ್ತದೆ. ಎಸಿ ಗ್ಯಾಸ್ ಉರಿಯುವುದಿಲ್ಲ, ಸವೆಯುವುದೂ ಇಲ್ಲ. ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿದು ಆವಿಯಾಗುವಾಗ ಕಾರಿನೊಳಗಿನ ಬಿಸಿ ಹೀರಿಕೊಳ್ಳುತ್ತದೆ. ಇಂಜೆಕ್ಷನ್‌ಗೆ ಮುಂಚೆ ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ವಾ, ಹಾಗೆ. ಆಮೇಲೆ ಕಂಪ್ರೆಸರ್ ಆ ಆವಿಯನ್ನು ಒತ್ತಿ ಕಾರಿನ ಮುಂಭಾಗದ ಕಂಡೆನ್ಸರ್‌ಗೆ ತಳ್ಳುತ್ತದೆ. ಅಲ್ಲಿ ಬಿಸಿ ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ.

ಮನೆಯ ಫ್ರಿಜ್ಜಿಗೆ ಇಪ್ಪತ್ತು ವರ್ಷ ಗ್ಯಾಸ್ ಹಾಕಿಸದೇ ಇರಬಹುದು. ಅದರ ಮೋಟರು, ಕಂಪ್ರೆಸರ್ ಎರಡೂ ಬೆಸುಗೆ ಹಾಕಿದ ಒಂದೇ ಡಬ್ಬಿಯೊಳಗಿರುತ್ತವೆ. ಕಾರಿನ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಹಾಗಾಗಿ ಅದರ ಶಾಫ್ಟ್ ಹೊರಗೆ ಬರಲೇಬೇಕು. ಬಂದ ಜಾಗದಲ್ಲಿ ಗ್ಯಾಸ್ ತಡೆಯಲು ಇರುವುದು ಒಂದು ಸೀಲು. ಒಳಗಿನ ಆಯಿಲ್ ಆ ಸೀಲನ್ನು ಒದ್ದೆಯಾಗಿಟ್ಟಿರುತ್ತದೆ. ಧಾರವಾಡದ ಕಡೆ ಜೂನ್‌ನಿಂದ ಫೆಬ್ರುವರಿವರೆಗೆ ಎಸಿ ಬೇಕೆನಿಸುವುದೇ ಅಪರೂಪ. ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಸೀಲು ಒಣಗಿ ಗ್ಯಾಸ್ ಬಿಡತೊಡಗುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿ. ಗಾಜಿನ ಮೇಲೆ ಕೂತ ಮಂಜೂ ಹೋಗುತ್ತದೆ.

ಸೋರಿಕೆ ಹುಡುಕಲು ಮೊದಲು ಬೇಕಾದದ್ದು ಟಾರ್ಚ್ ಅಷ್ಟೇ. ಗ್ಯಾಸ್ ಹೋದಲ್ಲಿ ಅದರ ಜೊತೆ ತುಸು ಆಯಿಲ್ ಕೂಡ ಜಿನುಗುತ್ತದೆ. ನಮ್ಮ ಎರೆ ಮಣ್ಣಿನ ಧೂಳು ಆ ಜಿಡ್ಡಿಗೆ ಅಂಟಿ ಕಪ್ಪು ಕಲೆ ಕಟ್ಟುತ್ತದೆ. ಪೈಪಿನ ಜಾಯಿಂಟು, ಕಂಪ್ರೆಸರ್ ಮೂತಿ, ಕಂಡೆನ್ಸರಿನ ಕೆಳಗಿನ ಮೂಲೆ, ಇವನ್ನು ನೋಡಿ. ಆಮೇಲೆ ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಲೀಕ್ ಮುಚ್ಚದೆ ಗ್ಯಾಸ್ ಹಾಕುವವರ ಹತ್ತಿರ ಕಾರು ಬಿಡಬಾರದು ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

1980ರ ದಶಕದ, 90ರ ದಶಕದ ಆರಂಭದ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಅವು ಆರ್-12 ಎಂಬ ಗ್ಯಾಸಿಗಾಗಿ ಮಾಡಿದವು. ಅದನ್ನು ಬಳಕೆಗೆ ತಂದ ಅಮೆರಿಕದ ಥಾಮಸ್ ಮಿಜ್ಲಿ 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಎದೆ ತುಂಬ ಎಳೆದುಕೊಂಡು, ಉಸಿರು ಬಿಟ್ಟು ಮೇಣದಬತ್ತಿ ಆರಿಸಿ ತೋರಿಸಿದರು. ವಿಷವಲ್ಲ, ಬೆಂಕಿಯೂ ಹತ್ತುವುದಿಲ್ಲ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಅದು ನಿಜವೂ ಹೌದು. ಆದರೆ ಅದು ಎಷ್ಟು ಗಟ್ಟಿ ಅಂದರೆ ಗಾಳಿಯಲ್ಲಿ ಸುಮಾರು ನೂರು ವರ್ಷ ಉಳಿಯುತ್ತದೆ. ನಿಧಾನಕ್ಕೆ ಓಝೋನ್ ಪದರ ತಲುಪುತ್ತದೆ. ಅಲ್ಲಿ ನೇರಳಾತೀತ ಕಿರಣ ತಾಗಿ ಕ್ಲೋರಿನ್ ಬಿಡುಗಡೆಯಾಗುತ್ತದೆ. ಒಂದೊಂದು ಕ್ಲೋರಿನ್ ಪರಮಾಣು ಸಾವಿರಾರು ಓಝೋನ್ ಅಣುಗಳನ್ನು ಒಡೆಯುತ್ತದೆ. 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಂಬ ವಿಜ್ಞಾನಿಗಳು ಈ ಬಗ್ಗೆ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೆಳುವಾಗಿರುವುದು ಬಯಲಾಯಿತು. 1987ರಲ್ಲಿ ಇಂಥ ಗ್ಯಾಸುಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಆಯಿತು. ಭಾರತ 1992ರಲ್ಲಿ ಅದಕ್ಕೆ ಸೇರಿತು. ಈಗ ಆರ್-12 ತಯಾರಾಗುವುದಿಲ್ಲ. ಅದರ ಜಾಗಕ್ಕೆ ಬಂದದ್ದು ಕ್ಲೋರಿನ್ ಇಲ್ಲದ ಆರ್-134ಎ.

"ಅದನ್ನ ಹಾಕಿದ್ರಾತು" ಎನ್ನುವಷ್ಟು ಸುಲಭವಲ್ಲ ಇದು. ಹಳೆ ಕಂಪ್ರೆಸರಿನಲ್ಲಿರುವುದು ಮಿನರಲ್ ಆಯಿಲ್. ಅದು ಆರ್-12 ಜೊತೆ ಬೆರೆತು ಇಡೀ ಪೈಪು ಸುತ್ತಿ ಕಂಪ್ರೆಸರಿಗೆ ವಾಪಸ್ ಬರುತ್ತದೆ. ಆರ್-134ಎ ಜೊತೆ ಬೆರೆಯುವುದಿಲ್ಲ. ಕೂಲಿಂಗ್ ಕಾಯಿಲ್‌ನಲ್ಲಿ ಕೂತುಬಿಡುತ್ತದೆ. ಕಂಪ್ರೆಸರ್ ಆಯಿಲ್ ಇಲ್ಲದೆ ಓಡಿ, ಒಂದು ದಿನ ಜಾಮ್ ಆಗುತ್ತದೆ. ಆದ್ದರಿಂದ ಹಳೆ ಆಯಿಲ್ ಬಸಿದು, ಫ್ಲಶ್ ಮಾಡಿ, ಎಸ್ಟರ್ ಆಯಿಲ್ ಹಾಕಬೇಕು. ಹೊಸ ಕಾರುಗಳ ಪ್ಯಾಗ್ ಆಯಿಲ್ ಕೂಡ ಇದೆ, ಆದರೆ ಆರ್-12 ಬಿಟ್ಟುಹೋದ ಕ್ಲೋರಿನ್ ಅಂಶ ಅದಕ್ಕೆ ಆಗಿಬರುವುದಿಲ್ಲ. ಹಳೆ ಕಾರಿಗೆ ಎಸ್ಟರ್ ವಾಸಿ. ಜೊತೆಗೆ ಡ್ರೈಯರನ್ನೂ ಬದಲಿಸಲೇಬೇಕು. ಹಳೆಯದರೊಳಗೆ ನೀರು ಹೀರುವ ಮಣಿಗಳು ಹೊಸ ಗ್ಯಾಸಿಗೆ ಹೊಂದುವುದಿಲ್ಲ. ಜಾಯಿಂಟು ಬಿಚ್ಚಿದಲ್ಲೆಲ್ಲ ಓರಿಂಗ್, ಅಂದರೆ ರಬ್ಬರ್ ಬಳೆ, ಹೊಸದು ಹಾಕಿ.

ಆರ್-12 ಇನ್ನೂ ಉಳಿದಿದ್ದರೆ ಅದನ್ನು ಮಶೀನಿನಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. ವಾಲ್ವ್ ಒತ್ತಿ ಗಾಳಿಗೆ ಬಿಡುವುದು ತಪ್ಪು. ಓಝೋನ್ ಮಾತು ಹಾಗಿರಲಿ, ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಆರ್-12 ಭೂಮಿಯನ್ನು ಬಿಸಿ ಮಾಡುವುದು 10 ಟನ್‌ಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಆರ್-134ಎ ಕೂಡ ಸಾಧು ಅಲ್ಲ, ಒಂದು ಕಿಲೋಗೆ ಸುಮಾರು 1.4 ಟನ್. ಅದಕ್ಕೇ 2016ರ ಕಿಗಾಲಿ ತಿದ್ದುಪಡಿಯಲ್ಲಿ ಅದನ್ನೂ ಹಂತಹಂತವಾಗಿ ಕಡಿಮೆ ಮಾಡಲು ದೇಶಗಳು ಒಪ್ಪಿದವು.

ಇಷ್ಟೆಲ್ಲ ಆದ ಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯುವುದು. ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅವಸರ ಜಾಸ್ತಿಯಾಗುವುದೂ ಇಲ್ಲೇ. ಪೈಪು ಬಿಚ್ಚಿದಾಗ ಒಳಗೆ ಗಾಳಿಯ ಜೊತೆ ತೇವ ಸೇರಿರುತ್ತದೆ. ಒಂದೆರಡು ಹನಿ ನೀರು ಸಾಕು. ದ್ರವವನ್ನು ಕೂಲಿಂಗ್ ಕಾಯಿಲ್‌ಗೆ ಬಿಡುವ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ತೂತಿನಲ್ಲಿ ಅದು ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ಸ್ವಲ್ಪ ಹೊತ್ತು ತಣ್ಣಗೆ, ಸ್ವಲ್ಪ ಹೊತ್ತು ಬಿಸಿ ಗಾಳಿ. ದಿನ ಕಳೆದಂತೆ ಆ ನೀರು ಗ್ಯಾಸು, ಆಯಿಲ್ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ.

ಪಂಪ್ ಆ ನೀರನ್ನು ಎಳೆದು ತೆಗೆಯುವುದಿಲ್ಲ, ಕುದಿಸಿ ತೆಗೆಯುತ್ತದೆ. ಒತ್ತಡ ಇಳಿದಷ್ಟೂ ನೀರು ಕಡಿಮೆ ಬಿಸಿಯಲ್ಲಿ ಕುದಿಯುತ್ತದೆ. ಪಾದರಸದ ಲೆಕ್ಕದಲ್ಲಿ ಒಳಗಿನ ಒತ್ತಡ ಒಂದೂಕಾಲು ಇಂಚಿಗೆ ಇಳಿದರೆ 30 ಡಿಗ್ರಿಯಲ್ಲೇ ಕುದಿಯುತ್ತದೆ.

ಇಲ್ಲಿ ನಮ್ಮೂರಿನ ಎತ್ತರದ ಮಾತು ಬರುತ್ತದೆ. ಮೆಕ್ಯಾನಿಕ್ ಪುಸ್ತಕಗಳಲ್ಲಿ "29 ಇಂಚು ವ್ಯಾಕ್ಯೂಮ್ ಬರಬೇಕು" ಎಂದಿರುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಎಷ್ಟು ಹೊತ್ತು ಪಂಪ್ ಓಡಿಸಿದರೂ ಮುಳ್ಳು ಅಲ್ಲಿಗೆ ಹೋಗುವುದಿಲ್ಲ. "ಪಂಪ್ ಕೆಟ್ಟೈತೇನೋರಿ" ಎನ್ನುವವರಿದ್ದಾರೆ. ಪಂಪ್ ಕೆಟ್ಟಿಲ್ಲ. ಆ 29 ಸಮುದ್ರಮಟ್ಟದ ಲೆಕ್ಕ. ಅಲ್ಲಿ ಗಾಳಿಯ ಒತ್ತಡ ಸುಮಾರು 29.9 ಇಂಚು. ಹುಬ್ಬಳ್ಳಿ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ, ಇಲ್ಲಿ ಗಾಳಿಯ ಒತ್ತಡವೇ 27.7 ಇಂಚಿನ ಆಸುಪಾಸು. ಗೇಜ್ ತೋರಿಸುವುದು ಹೊರಗಿನ ಗಾಳಿಗೂ ಒಳಗಿನದಕ್ಕೂ ಇರುವ ವ್ಯತ್ಯಾಸ ಮಾತ್ರ. ಹಾಗಾಗಿ ಇಲ್ಲಿ ಇಪ್ಪತ್ತೇಳೂವರೆ ಬಂದರೆ ಅದೇ ಪೂರ್ತಿ ವ್ಯಾಕ್ಯೂಮ್. ಧಾರವಾಡ ಇನ್ನೂ ಎತ್ತರ, ಅಲ್ಲಿ ಮುಳ್ಳು ಇನ್ನಷ್ಟು ಕೆಳಗೇ ನಿಲ್ಲುತ್ತದೆ.

ಮುಳ್ಳು ಅಲ್ಲಿಗೆ ಮುಟ್ಟಿದ ಕೂಡಲೇ ಪಂಪ್ ನಿಲ್ಲಿಸಬಾರದು. ನೀರು ಕುದಿಯಲು ಶುರುವಾಗುವುದು ಆಗ. ಅರ್ಧ ಮುಕ್ಕಾಲು ಗಂಟೆ ಓಡಲಿ. ಆಮೇಲೆ ವಾಲ್ವ್ ಮುಚ್ಚಿ ಪಂಪ್ ಆರಿಸಿ, ಕಾಲು ಗಂಟೆ ಮುಳ್ಳನ್ನೇ ನೋಡಿ. ಅಲುಗದಿದ್ದರೆ ಒಳಗೆ ಒಣಗಿದೆ, ಲೀಕ್ ಇಲ್ಲ. ತುಸು ಬಿದ್ದು ಒಂದು ಕಡೆ ನಿಂತರೆ ನೀರು ಇನ್ನೂ ಆವಿಯಾಗುತ್ತಿದೆ, ಮತ್ತೆ ಪಂಪ್ ಹಾಕಬೇಕು. ನಿಲ್ಲದೆ ಸೊನ್ನೆಯ ಕಡೆ ಬರುತ್ತಲೇ ಇದ್ದರೆ ಎಲ್ಲೋ ತೂತಿದೆ. ಹತ್ತು ನಿಮಿಷಕ್ಕೆ "ಆತ್ರಿ" ಎಂದು ಗ್ಯಾಸ್ ಸಿಲಿಂಡರ್ ಹಚ್ಚಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಗ್ಯಾಸ್ ತುಂಬುವುದು ತೂಕದ ಮೇಲೆ. ಆರ್-12 ಎಷ್ಟು ಹಿಡಿಯುತ್ತಿತ್ತೋ ಅದರ ಶೇಕಡ 80ರಿಂದ 90ರಷ್ಟು ಸಾಕು. ಹಳೆ ಮೆಕ್ಯಾನಿಕ್‌ಗಳು ಡ್ರೈಯರಿನ ಗಾಜಿನಲ್ಲಿ ಗುಳ್ಳೆ ಹೋಗುವವರೆಗೆ ತುಂಬುತ್ತಿದ್ದರು. ಆರ್-134ಎಯಲ್ಲಿ ಆ ಲೆಕ್ಕ ನಂಬುವಂತಿಲ್ಲ, ಓವರ್‌ಚಾರ್ಜ್ ಆಗುತ್ತದೆ. ಇದರ ಒತ್ತಡ ಬಿಸಿಲಿನಲ್ಲಿ ಆರ್-12ಗಿಂತ ಜಾಸ್ತಿ ಏರುತ್ತದೆ. 60 ಡಿಗ್ರಿಯಲ್ಲಿ ಆರ್-12 ಸುಮಾರು 15 ಬಾರ್ ಇದ್ದರೆ ಇದು 17ರ ಹತ್ತಿರ. ಏಪ್ರಿಲ್ ಮಧ್ಯಾಹ್ನ ಗದಗ ರಸ್ತೆಯಲ್ಲಿ ಹೋಗುವ ಕಾರಿಗೆ ಇದು ಸಣ್ಣ ಮಾತಲ್ಲ. ಕಂಡೆನ್ಸರಿನ ಎಲೆಗಳ ನಡುವೆ ತುಂಬಿದ ಧೂಳು, ಹುಳ ತೊಳೆಯಿರಿ. ಫ್ಯಾನ್ ಸರಿಯಾಗಿ ತಿರುಗಬೇಕು.

ಅಗ್ಗಕ್ಕೆ ಅಡುಗೆ ಗ್ಯಾಸ್ ತುಂಬಿಕೊಡುತ್ತೇವೆ ಎನ್ನುವವರೂ ಸಿಗಬಹುದು. ಅದು ತಣ್ಣಗೆ ಮಾಡುತ್ತದೆ, ನಿಜ. ಆದರೆ ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನೊಳಗೆ. ಅಲ್ಲಿ ಸೋರಿದರೆ ಗಾಜು ಏರಿಸಿದ ಕಾರಿನೊಳಗೆ, ಮಕ್ಕಳು ಕೂತಿರುವಲ್ಲಿಗೇ ಬರುತ್ತದೆ. ಒಂದು ಕಿಡಿ ಸಾಕು. ದಯವಿಟ್ಟು ಬೇಡ.

ಕೆಲಸ ಮುಗಿದ ಮೇಲೆ ಹಳೆ ಸ್ಕ್ರೂ ಮೂತಿಗಳ ಮೇಲೆ ಆರ್-134ಎ ಅಡಾಪ್ಟರ್ ಕೂರಿಸಿ, ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಲು ಹೇಳಿ. ಯಾವ ಗ್ಯಾಸು, ಎಷ್ಟು ಗ್ರಾಂ, ಯಾವ ಆಯಿಲ್, ತಾರೀಖು. ಮುಂದೆ ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಬಾನೆಟ್ ಎತ್ತುವ ಮೆಕ್ಯಾನಿಕ್ ಅದನ್ನು ನೋಡಿಯೇ ಸಿಲಿಂಡರ್ ಆರಿಸಿಕೊಳ್ಳುತ್ತಾನೆ.