ಅಂಕಿ ಚೆನ್ನಾಗಿ ಬಂದಿದೆಯೇ? ಮೊದಲು ತಕ್ಕಡಿ ನೋಡಿ

ಬ್ಯಾಟರಿಯ ಕ್ಯಾಥೋಡ್‌ಗೆ (ಧನ ವಿದ್ಯುದ್ವಾರ) ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಪುಡಿಯ ಸೈದ್ಧಾಂತಿಕ ಸಾಮರ್ಥ್ಯ, ಅಂದರೆ ಅದು ಹಿಡಿದಿಡಬಲ್ಲ ವಿದ್ಯುತ್ತಿನ ಮಿತಿ, ಗ್ರಾಂಗೆ 170 ಮಿಲಿಆಂಪ್-ಅವರ್. ಹೊಸಬರು ಕಟ್ಟಿದ ಕಾಯಿನ್ ಸೆಲ್ (ನಾಣ್ಯದಂಥ ಪುಟ್ಟ ಪರೀಕ್ಷಾ ಬ್ಯಾಟರಿ) 173 ತೋರಿಸಿದರೆ ಅದು ಶೋಧವಲ್ಲ, ತೂಕದ ತಪ್ಪು. ಬ್ಯಾಟರಿ ಕ್ಷೇತ್ರಕ್ಕೆ ಬರುವ ಪದಾರ್ಥ ವಿಜ್ಞಾನಿಗೆ ಹೊಸ ಪುಡಿ ತಯಾರಿಸುವುದಕ್ಕಿಂತ ಮೊದಲು ಕೈಗೆ ಹತ್ತಬೇಕಾದದ್ದು ಈ ಅನುಮಾನ.

ಲೆಕ್ಕ ಹೀಗಿದೆ. ಪುಡಿಯನ್ನು ಲೇಪಿಸುವುದು ಅಲ್ಯೂಮಿನಿಯಂ ಹಾಳೆಯ ಮೇಲೆ. 15 ಮೈಕ್ರಾನ್ ದಪ್ಪದ ಆ ಹಾಳೆಯಿಂದ 14 ಮಿ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿದರೆ ಬರೀ ಹಾಳೆಯೇ ಸುಮಾರು 6.2 ಮಿ.ಗ್ರಾಂ. ಲೇಪನ ಸೇರಿ 10.2 ಬಂದರೆ ಲೇಪನ 4 ಮಿ.ಗ್ರಾಂ, ಪುಡಿ, ಕಾರ್ಬನ್, ಬೈಂಡರ್ (ಅಂಟು) 80:10:10 ಇದ್ದರೆ ಕೆಲಸ ಮಾಡುವ ಪುಡಿ 3.2 ಮಾತ್ರ. ಹಾಳೆಯನ್ನು 6.5 ಎಂದು ಹಿಡಿದರೆ ಅದೇ ಪುಡಿ 2.96ಕ್ಕೆ ಇಳಿಯುತ್ತದೆ, ನಿಜವಾದ 160 ಕಾಗದದ ಮೇಲೆ 173 ಆಗುತ್ತದೆ. ಅದೇ ಸುರುಳಿಯಿಂದ ಹತ್ತು ಖಾಲಿ ಬಿಲ್ಲೆ ಕತ್ತರಿಸಿ, 0.01 ಮಿ.ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಸರಾಸರಿ ಹಿಡಿಯಿರಿ. ಬೇಸರದ ಕೆಲಸವೇ, ಆದರೆ ಬೇರೆ ದಾರಿಯಿಲ್ಲ.

ಇವನ್ನೆಲ್ಲ ದ್ರಾವಕದಲ್ಲಿ ಕಲಸಿದ ಸ್ಲರಿಯೂ ಕೈಕೊಡುತ್ತದೆ. ನಿಕಲ್ ಹೆಚ್ಚಿರುವ ಕ್ಯಾಥೋಡ್ ಪುಡಿಯ ಮೇಲ್ಮೈಯಲ್ಲಿ ಉಳಿದ ಲಿಥಿಯಂ ಹೈಡ್ರಾಕ್ಸೈಡ್ ಪಿವಿಡಿಎಫ್ ಎಂಬ ಪಾಲಿಮರ್ ಬೈಂಡರನ್ನು ಕೆಡಿಸಿ ಇಡೀ ಸ್ಲರಿಯನ್ನು ಜೆಲ್ಲಿಯಂತೆ ಗಟ್ಟಿ ಮಾಡುತ್ತದೆ. ಇನ್ನಷ್ಟು ಎನ್‌ಎಂಪಿ ದ್ರಾವಕ ಸುರಿದು ತೆಳು ಮಾಡುವುದು ವ್ಯರ್ಥ. ತೇವ ತಗುಲದಂತೆ ಇಟ್ಟ ಪುಡಿಯಿಂದ ಮತ್ತೆ ಶುರು ಮಾಡಬೇಕು. ಲೇಪನವನ್ನು ಅವಸರದಲ್ಲಿ ಒಣಗಿಸಿದರೆ ದ್ರಾವಕದ ಜೊತೆ ಬೈಂಡರ್ ಮೇಲಕ್ಕೇರಿ, ಹಾಳೆಯ ಕಡೆ ಹಿಡಿತ ಸಡಿಲವಾಗುತ್ತದೆ. ಚದರ ಸೆಂ.ಮೀ.ಗೆ 2 ಮಿ.ಗ್ರಾಂ ಇರುವ ಪ್ರಯೋಗಾಲಯದ ಲೇಪನದಲ್ಲಿ ಇದು ಕಾಣದೇ ಹೋಗಬಹುದು. ಕಂಪನಿಗೆ ಸೇರಿ 15 ಮಿ.ಗ್ರಾಂ ದಾಟಿದ ದಪ್ಪ ಲೇಪನ ಮಾಡುವಾಗ ಬಿರುಕು ಬಿಟ್ಟು ಸಿಪ್ಪೆಯಂತೆ ಏಳುತ್ತದೆ.

ಬಿಲ್ಲೆಗಳನ್ನು 120 ಡಿಗ್ರಿಯಲ್ಲಿ ನಿರ್ವಾತದಲ್ಲಿ ರಾತ್ರಿಯಿಡೀ ಒಣಗಿಸಿ, ಆರ್ಗಾನ್ ತುಂಬಿದ ಗ್ಲವ್ ಬಾಕ್ಸ್‌ಗೆ (ಕೈಗವಸು ಅಳವಡಿಸಿದ ಮುಚ್ಚಿದ ಪೆಟ್ಟಿಗೆ) ಒಯ್ದು, ಎದುರಿಗೆ ಲಿಥಿಯಂ ಲೋಹದ ಬಿಲ್ಲೆ ಇಟ್ಟು ಸೆಲ್ ಕಟ್ಟಬೇಕು. ನೈಟ್ರೋಜನ್ ನಡೆಯದು, ಲಿಥಿಯಂ ಅದರೊಡನೆಯೂ ವರ್ತಿಸುತ್ತದೆ. ತೇವ ಉಳಿದರೆ ಎಲೆಕ್ಟ್ರೊಲೈಟ್‌ನ (ಅಯಾನು ಸಾಗಿಸುವ ದ್ರವ) ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಲವಣ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟಿಸುತ್ತದೆ. ಸೆಲ್ ಮುಚ್ಚಿದ ಮೇಲೆ ವೋಲ್ಟೇಜ್ ಸುಮಾರು 3 ಬರಬೇಕು. ಸೊನ್ನೆಯ ಹತ್ತಿರವಿದ್ದರೆ ಶಾರ್ಟ್: ಮೊಂಡಾದ ಪಂಚ್ ಬಿಟ್ಟ ಅಂಚಿನ ಮುಳ್ಳು ಎರಡು ಬಿಲ್ಲೆಗಳ ನಡುವಿನ ತೆಳು ಪೊರೆಯಾದ ಸೆಪರೇಟರನ್ನು ಚುಚ್ಚಿರಬಹುದು, ಇಲ್ಲವೇ ಸೆಪರೇಟರ್ ಪಕ್ಕಕ್ಕೆ ಸರಿದಿರಬಹುದು.

"500 ಸೈಕಲ್ (ಚಾರ್ಜ್-ಡಿಸ್ಚಾರ್ಜ್ ಸುತ್ತು) ಬಾಳಿತು" ಎಂಬ ಮಾತಿಗೂ ನಾನು ಬೇಗ ತಲೆದೂಗುವುದಿಲ್ಲ. 250 ಮೈಕ್ರಾನ್ ಲಿಥಿಯಂ ಬಿಲ್ಲೆಯಲ್ಲಿ ಚದರ ಸೆಂ.ಮೀ.ಗೆ ಸುಮಾರು 50 ಮಿಲಿಆಂಪ್-ಅವರ್ ಇರುತ್ತದೆ. ಎದುರಿಗಿರುವ ನಮ್ಮ ಲೇಪನದಲ್ಲಿ 0.33. ಇಷ್ಟೊಂದು ದಾಸ್ತಾನಿದ್ದಾಗ ಪ್ರತಿ ಸೈಕಲ್‌ನಲ್ಲಿ ಆಗುವ ಲಿಥಿಯಂ ನಷ್ಟ ಕಾಣುವುದೇ ಇಲ್ಲ. ಹೆಚ್ಚುವರಿ ಲಿಥಿಯಂ ಇಲ್ಲದ ಪೂರ್ಣ ಸೆಲ್‌ನಲ್ಲಿ ಪ್ರತಿ ಸೈಕಲ್‌ನ ದಕ್ಷತೆ (ತುಂಬಿದ್ದರಲ್ಲಿ ಮರಳಿ ಬರುವ ಪಾಲು) ಶೇ. 99.9 ಇದ್ದರೂ 500 ಸೈಕಲ್‌ಗೆ ಉಳಿಯುವುದು ಸುಮಾರು ಶೇ. 61.

ಇಂಧನದಿಂದ ನೇರವಾಗಿ ವಿದ್ಯುತ್ ಪಡೆಯುವ ಫ್ಯೂಯಲ್ ಸೆಲ್ ಕಡೆ ಹೊರಳುವವರಿಗೂ ಇಂಥದ್ದೇ ಬಲೆಯಿದೆ. ಪ್ಲಾಟಿನಂ ಇಲ್ಲದ ವೇಗವರ್ಧಕವನ್ನು ಆಮ್ಲದಲ್ಲಿ ಪರೀಕ್ಷಿಸುವಾಗ ಎದುರು ಎಲೆಕ್ಟ್ರೋಡ್ ಆಗಿ ಪ್ಲಾಟಿನಂ ತಂತಿ ಇಟ್ಟರೆ, ಅದು ತುಸು ಕರಗಿ ಮಾದರಿಯ ಮೇಲೆ ಬಂದು ಕೂತು, ವೇಗವರ್ಧಕದ ಕೆಲಸವನ್ನು ತಾನೇ ಮಾಡುತ್ತದೆ. ಸೈಕಲ್ ಹೆಚ್ಚಿದಂತೆ ವೇಗವರ್ಧಕ "ಸುಧಾರಿಸುತ್ತಾ" ಹೋದರೆ ತಂತಿ ತೆಗೆದು ಗ್ರಾಫೈಟ್ ಕಡ್ಡಿ ಇಡಿ, ಹೊಸ ಮಾದರಿಯಿಂದ ಮತ್ತೆ ಅಳೆಯಿರಿ.